ಹಗೇವಿನೊಳಗಿನ ಐದು ಜಾಡಿ

ನನ್ನ ಎರಡೂ ಅಂಗೈಗಳಲ್ಲಿ ಅಡ್ಡಕ್ಕೆ ಒಂದೊಂದು ಗೆರೆಯಿದೆ. ಹಸ್ತರೇಖೆಯಲ್ಲ, ಹಗ್ಗ ಸುಟ್ಟ ಗೆರೆ. ಆದ್ದರಿಂದ ಆ ಮಧ್ಯಾಹ್ನ ಹಗ್ಗದ ಮೇಲಿನ ತುದಿ ಹಿಡಿದವಳು ನಾನು, ರಾಗಿ ತುಂಬುವ ನೆಲದೊಳಗಿನ ಹಗೇವಿಗೆ ಇಳಿದವಳು ಚಿಕ್ಕಮ್ಮ ಎಂದು ನಂಬಿಕೊಂಡಿದ್ದೇನೆ. ಚಿಕ್ಕಮ್ಮ ಒಪ್ಪುವುದಿಲ್ಲ. ಇಳಿದವಳು ನೀನೇ ಎನ್ನುತ್ತಾಳೆ. ಅವಳ ಅಂಗೈಯಲ್ಲೂ ಗೆರೆಯಿದೆ. ಅದು ಆ ದಿನದ್ದೋ, ಬಾವಿ ಹಗ್ಗದ್ದೋ, ಅದಕ್ಕೂ ಮುಂಚೆ ಚಿಕ್ಕಪ್ಪ ಕುರಿ ಕಟ್ಟುವ ಹಗ್ಗ ಸುತ್ತಿ ಎಳೆದದ್ದೋ ಅವಳಿಗೇ ಗೊತ್ತಿಲ್ಲ. ಅವಳ ಮೈಮೇಲೆ ಗುರುತುಗಳು ಹೆಚ್ಚು. ಯಾವುದು ಯಾವ ವರ್ಷದ್ದೆಂದು ವಿಂಗಡಿಸಲು ಆಗುವುದಿಲ್ಲ.

ಇಬ್ಬರೂ ಒಪ್ಪುವುದನ್ನು ಮೊದಲು ಬರೆಯುತ್ತೇನೆ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಒಕ್ಕಲು ಮನೆಯ ಹೆಣ್ಣು. ಅವಳನ್ನು ಕೊಟ್ಟದ್ದು ಕಂಬದೂರಿನ ಕಡೆಯ ಒಂದು ಹಳ್ಳಿಗೆ. ಗಂಡ ಕುರಿ ವ್ಯಾಪಾರಿ. ಸಂತೆಯಲ್ಲಿ ಕುರಿಯ ಬೆನ್ನು ಒತ್ತಿ ಮಾಂಸ ಎಷ್ಟು ಬಿದ್ದೀತೆಂದು ಹೇಳುತ್ತಿದ್ದ ಕೈ. ಮನೆಗೆ ಬಂದರೂ ಅದೇ ಕೈ. ಕುಡಿದಾಗ ಹೊಡೆಯುತ್ತಾನೆ ಎಂದು ನಮ್ಮ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಚಿಕ್ಕಮ್ಮ ತಿದ್ದುತ್ತಿದ್ದಳು: “ಕುಡೀದಿದ್ರೂ ಹೊಡೀತಿದ್ದ ಕಣೆ. ಕುಡಿದ್ರೆ ಗುರಿ ತಪ್ತಿತ್ತು, ಅಷ್ಟೇಯ.”

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಮುರಿದ ಮುಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದಳು. ಇಳಿದ ಕಡೆ ಎದುರಿಗೆ ಕಂಡದ್ದು ಚರ್ಚಿನ ಕಾಂಪೌಂಡು. ಅಲ್ಲಿದ್ದ ಮುದುಕ ಪಾದ್ರಿ ಕೈಗೆ ಬಿದಿರು ಪಟ್ಟಿ ಕಟ್ಟಿಸಿ, ಮಕ್ಕಳ ಹಾಸ್ಟೆಲಿನ ಅಡುಗೆಗೆ ಇಟ್ಟುಕೊಂಡರು. ಅಡುಗೆಮನೆಯ ಹಿಂದೆ ತಗಡಿನ ಬಾಗಿಲಿನ ಒಂದು ಕೋಣೆ ಕೊಟ್ಟರು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಅವಳ ಬದುಕಿನಲ್ಲಿ ಅದೇ ಮೊದಲು. ಮತಕ್ಕೆ ಸೇರು ಎಂದು ಅವರು ಹೇಳಲಿಲ್ಲ, ಇವಳು ಸೇರಲಿಲ್ಲ. ನಾನು ಹೇಳುವ ಆ ಮಧ್ಯಾಹ್ನದ ಹೊತ್ತಿಗೆ ಹಣೆಯ ವಿಭೂತಿಯೊಂದಿಗೇ ಹದಿಮೂರೋ ಹದಿನಾಲ್ಕೋ ವರ್ಷದಿಂದ ಅಲ್ಲಿ ಅನ್ನ ಬಸಿಯುತ್ತಿದ್ದಳು.

ಕೋಣೆಯ ಎದುರಿಗೆ ಕಲ್ಲು ಕಂಬಗಳ ಚಪ್ಪರ. ಅದರ ಮೇಲೆ ಒಂದೇ ಒಂದು ದ್ರಾಕ್ಷಿ ಬಳ್ಳಿ. ಬುಡ ನನ್ನ ತೊಡೆಯಷ್ಟು ದಪ್ಪ. ಮುದುಕ ಪಾದ್ರಿ ಯೌವನದಲ್ಲಿ ತಮ್ಮ ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಯಂತೆ. ನಮ್ಮ ಕಡೆ ತೋಟಗಳಲ್ಲಿದ್ದದ್ದು ಬೆಂಗಳೂರು ನೀಲಿ, ಇಲ್ಲವೇ ಉದ್ದುದ್ದ ಗೊಂಚಲಿನ ಅನಾಬ್. ಇದು ಎರಡೂ ಅಲ್ಲ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಹಣ್ಣು, ದಪ್ಪ ಸಿಪ್ಪೆ, ಹಳದಿಗೆ ತಿರುಗುವ ಹಸಿರು, ಬಿಸಿಲು ಬಿದ್ದ ಕೆನ್ನೆಯಲ್ಲಿ ಕಂದು ಚುಕ್ಕೆ. ತಿಂದರೆ ಹಲ್ಲು ಚುಳ್ಳೆನ್ನುತ್ತಿತ್ತು. ಕೃಷಿ ಇಲಾಖೆಯವರೊಬ್ಬರು ಬಂದು ಎಲೆ ಎಣಿಸಿ, ನೋಡಿದ ಪುಸ್ತಕದಲ್ಲಿಲ್ಲ ಎಂದು ಹೋದರು. ಕಡ್ಡಿ ಕತ್ತರಿಸಿ ಬೇರೆ ಕಡೆ ನೆಟ್ಟರೆ ಹತ್ತಲಿಲ್ಲ. ಊರವರು ಅದನ್ನು ಪಾದ್ರಿ ದ್ರಾಕ್ಷಿ ಎಂದರು, ಹೆಸರು ಅಲ್ಲಿಗೇ ನಿಂತಿತು.

ಚರ್ಚಿನ ಪೂಜೆಗೆ ದ್ರಾಕ್ಷಾರಸ ಬೇಕು. ಅದು ಹಣ್ಣಿನದೇ ಆಗಿರಬೇಕು, ಬೇರೆ ಏನೂ ಬೆರೆಸಿರಬಾರದು. ಸಕ್ಕರೆಯಿಲ್ಲ, ನೀರಿಲ್ಲ, ಹುದುಗು ಬರಿಸುವ ಪುಡಿಯಿಲ್ಲ. ಮುದುಕ ಪಾದ್ರಿಯ ಕೈ ನಡುಗಲು ಶುರುವಾದ ಮೇಲೆ ಚಿಕ್ಕಮ್ಮನಿಗೆ ಕಲಿಸಿದರು. ಮೊದಲನೆಯ ವರ್ಷ ಅವಳು ಹಣ್ಣನ್ನು ಮೂರು ನೀರಿನಲ್ಲಿ ತೊಳೆದು ಬೈಸಿಕೊಂಡಳು. ಸಿಪ್ಪೆಯ ಮೇಲೆ ಬೂದಿಯಂತೆ ಕೂತಿರುತ್ತದಲ್ಲ, ಕೆಲಸ ಮಾಡುವುದು ಅದು. ಆಮೇಲೆ ನಾವು ಯಾರಾದರೂ ಬಿಂದಿಗೆ ಎತ್ತಿದರೆ ಇವಳೇ ಗದರುತ್ತಿದ್ದಳು: “ಇದು ಈಬೂತಿ ಹಚ್ಕೊಂಡೇ ಹುಟ್ಟಿರೋ ಹಣ್ಣು. ನೀರಿಕ್ಕಿದ್ರೆ ಸತ್ತೋಯ್ತದೆ.”

ವರ್ಷಕ್ಕೆ ಐದು ಜಾಡಿ. ಉಪ್ಪಿನಕಾಯಿಯ ಎತ್ತರದ ಪಿಂಗಾಣಿ ಜಾಡಿಗಳು. ಬಾಯಿಗೆ ಮರದ ಮುಚ್ಚಳ, ಸಂದಿಗೆ ರಾಗಿ ಹಿಟ್ಟಿನ ಮುದ್ದೆ, ಮುಚ್ಚಳದ ತೂತಿನಿಂದ ಹೊರಗೆ ಹರಳು ಗಿಡದ ಎಲೆಯ ತೊಟ್ಟು. ಆ ತೊಟ್ಟು ಒಳಗೆ ಟೊಳ್ಳು. ಅದರ ಹೊರತುದಿ ಜಾಡಿಯ ಕತ್ತಿಗೆ ಕಟ್ಟಿದ ತೆಂಗಿನ ಚಿಪ್ಪಿನ ನೀರಿನಲ್ಲಿ ಮುಳುಗಿರಬೇಕು. ಒಳಗಿನ ಗಾಳಿ ಗುಳುಗುಳು ಹೊರಬರುತ್ತದೆ, ಹೊರಗಿನದು ಒಳಹೋಗುವುದಿಲ್ಲ. ರಸ ತನ್ನೊಳಗಿನ ಸಿಹಿಯನ್ನೆಲ್ಲ ತಾನೇ ತಿಂದು ಮುಗಿಸಿದಾಗ ಸದ್ದು ನಿಲ್ಲುತ್ತದೆ. ಚಿಕ್ಕಮ್ಮ ಒಂದು ಹನಿಯನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಮೂಗಿನಿಂದ, ಕಿವಿಯಿಂದ ಮಾಡುತ್ತಿದ್ದಳು.

ಮುದುಕ ಪಾದ್ರಿ ತೀರಿಕೊಂಡು ಚಿಕ್ಕ ವಯಸ್ಸಿನ ಫಾದರ್ ಒಬ್ಬರು ಬಂದರು. ಅವರು ಬಂದ ವರ್ಷವೇ ಬಿಸಿಲಿಗೆ ಐದೂ ಜಾಡಿ ಹುಳಿಯಾಗಿ ವಿನಿಗರ್ ಆದವು. ಫಾದರ್ ಒಳ್ಳೆಯ ಮಾತಿನಲ್ಲೇ ಹೇಳಿದರಂತೆ: ಪೂಜೆಯ ದ್ರಾಕ್ಷಾರಸ ಬಾಟಲಿಯಲ್ಲಿ ತರಿಸಿಕೊಳ್ಳಬಹುದು, ಹಾಸ್ಟೆಲಿಗೆ ಕಕ್ಕಸು ಕಟ್ಟಲು ಇರುವ ಜಾಗ ಇದೊಂದೇ, ಇನ್ನೊಂದು ವರ್ಷ ನೋಡುತ್ತೇನೆ, ಈ ಸಲವೂ ಕೆಟ್ಟರೆ ಬಳ್ಳಿಯೂ ಕೋಣೆಯೂ ಹೋಗುತ್ತವೆ, ನೀನು ಗಂಡನ ಮನೆಗೆ ಹೋಗಮ್ಮ.

ಐದು ಜಾಡಿ ಸರಿಬಂದರೆ ಚಿಲಕವಿರುವ ಕೋಣೆ, ಇಲ್ಲದಿದ್ದರೆ ಕಂಬದೂರು. ಅಷ್ಟೇ ವಿಷಯ.

*

ಆಗ ನಾನು ಹಿಂದೂಪುರದಲ್ಲಿದ್ದೆ. ಪರಿಗಿ ರಸ್ತೆಯಲ್ಲಿ ಒಂದು ಹೊಲಿಗೆ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಮದುವೆ ಆಗಿರಲಿಲ್ಲ, ಆಗುವ ಆಸೆಯನ್ನು ಚಿಕ್ಕಮ್ಮನ ಮುಂಗೈ ಕಿತ್ತು ಹಾಕಿತ್ತು. ತೊಂಬತ್ತರ ದಶಕದ ಆರಂಭ. ಜಿಲ್ಲೆಯಲ್ಲೆಲ್ಲ ಹೆಂಗಸರು ಸಾರಾಯಿ ಅಂಗಡಿಗಳಿಗೆ ನುಗ್ಗುತ್ತಿದ್ದರು. ನಮ್ಮ ಕೇರಿಯ ಹೆಂಗಸರ ಜೊತೆ ನಾನೂ ಹೋದೆ.

ಅನ್ಯಾಯದ ವಿರುದ್ಧ ಹೋದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾನು ಹೋದದ್ದು ಒಡೆಯಲು. ಸೆರಗಿನ ಗಂಟಿನಲ್ಲಿ ಮಾರ್ಕೆಟ್ಟಿನ ಖಾರದಪುಡಿ, ಕೈಯಲ್ಲಿ ಒನಕೆ. ಸಾರಾಯಿ ಪ್ಯಾಕೆಟ್ಟುಗಳನ್ನು ನೆಲಕ್ಕೆ ಸುರಿದು ಅವುಗಳ ಮೇಲೆ ಕುಣಿಯುತ್ತಿದ್ದೆವು, ಕಾಲಡಿಯಲ್ಲಿ ಪಟಪಟ ಒಡೆಯುತ್ತಿದ್ದವು. ಮೊದಲ ದಿನ ಅಂಗಡಿಯ ಕಾವಲಿನವನು ನನ್ನ ಜಡೆ ಹಿಡಿದ. ತಿರುಗಿ ಬಾಯಿಗೆ ಒನಕೆಯಲ್ಲಿ ಚುಚ್ಚಿದೆ. ಕೆಸರಿನಲ್ಲಿ ಬೆಳ್ಳಗೆ ಒಂದು ಹಲ್ಲು ಬಿದ್ದಿತ್ತು. ಎಷ್ಟೋ ವರ್ಷ ಆ ಹಲ್ಲನ್ನು ನಾನು ನೆನೆದುಕೊಂಡು ಖುಷಿಪಟ್ಟಿದ್ದೇನೆ. ಹಿಂದೂಪುರದ ಬೀದಿಯಲ್ಲಿ ಸಿಪ್ಪೆ ಸುಲಿದ ಹುಣಸೆ ಬೀಜವೂ ಹಾಗೇ ಕಾಣುತ್ತದೆ ಎಂಬುದು ಆಮೇಲೆ ಹೊಳೆಯಿತು. ಚುಚ್ಚಿದ್ದು ಮಾತ್ರ ನಿಜ. ಒನಕೆಯ ತುದಿಗೆ ಮೂಳೆ ತಾಗಿದರೆ ಭುಜದವರೆಗೆ ಗೊತ್ತಾಗುತ್ತದೆ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಚಿಕ್ಕಮ್ಮ ಯಾರ ಕೈಯಲ್ಲೋ ಹೇಳಿಕಳಿಸಿದಳು: ಹಣ್ಣು ಬಂದಿದೆ, ಹಿಂಡಲು ಕೈ ಸಾಲದು, ಬಾ. ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಹೋದೆ. ಇಬ್ಬರೂ ಎರಡು ದಿನ ಗೊಂಚಲು ಬಿಡಿಸಿದೆವು, ಕೊಳೆತದ್ದನ್ನು ಒಂದೊಂದಾಗಿ ಕಿತ್ತೆವು, ಕೈಯಲ್ಲಿ ಕಿವುಚಿ ಬಿಳಿ ಪಂಚೆಯಲ್ಲಿ ಕಟ್ಟಿ ಮೇಲೆ ರುಬ್ಬುಗುಂಡು ಹೇರಿ ಹಿಂಡಿದೆವು. ಕಣಜದ ಹುಳ ಕೈತುಂಬ ಕಚ್ಚಿದವು. ಮೂರನೆಯ ದಿನ ಒಂದು ಜಾಡಿ ಗುಳುಕ್ ಎಂದಿತು. ಸಂಜೆಯೊಳಗೆ ಐದೂ ಮಾತಾಡತೊಡಗಿದವು.

“ಹುಟ್ತು ಕಣೆ,” ಎಂದಳು ಚಿಕ್ಕಮ್ಮ. ಹೆರಿಗೆ ಮಾಡಿಸಿದವಳ ಮುಖ.

ಮರುದಿನ ಬೆಳಿಗ್ಗೆ ತರಕಾರಿಯವಳು ಬುಟ್ಟಿ ಇಳಿಸುತ್ತಲೇ ಸುದ್ದಿ ಹೇಳಿದಳು. ಊರಿನ ಹೆಂಗಸರು ಎರಡು ಅಂಗಡಿ ಒಡೆದು ಮುಗಿಸಿದ್ದಾರೆ, ನಾಳೆ ಪಾದ್ರಿ ಕಾಂಪೌಂಡಿಗೆ ಬರುತ್ತಾರಂತೆ. “ದೇವ್ರ ಹೆಸ್ರಾಗೆ ಕಾಯ್ಸೋದೂ ಹೆಂಡವೇ ಅಂತ ಅಂತಾವ್ರೆ ಕಣಮ್ಮ. ಬಿಡಾಕಿಲ್ಲ.”

ನಾನು ಗೇಟಿನಲ್ಲಿ ನಿಂತು ಹೇಳಬಹುದಿತ್ತು. ನಾನು ಅವರವಳೇ, ಒನಕೆ ಹಿಡಿದವಳೇ. ಇದು ಕಾಯಿಸಿದ್ದಲ್ಲ, ಇದನ್ನು ಈ ಊರಿನ ಯಾವ ಗಂಡಸೂ ಕುಡಿದು ಹೆಂಡತಿಯನ್ನು ಹೊಡೆದಿಲ್ಲ ಎಂದು. ಹೇಳಲಿಲ್ಲ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಐದು ಜಾಡಿ ಎಂದು ಹಿಂದೂಪುರಕ್ಕೆ ಸುದ್ದಿ ಮುಟ್ಟಿದರೆ ನನ್ನ ಮುಖ ಏನಾಗಬೇಕು? ನಾನು ಹೇಳಿದ್ದು, “ಹಗೇವಿಗೆ ಇಳಿಸಿಬಿಡೋಣ ಚಿಕ್ಕಮ್ಮ.”

ಆ ಕಾಂಪೌಂಡು ಹಿಂದೆ ಯಾವನೋ ದೊಡ್ಡ ರೈತನ ಕಣ. ಚಪ್ಪರದ ಕೊನೆಯ ಕಂಬದಿಂದ ನಾಲ್ಕು ಮಾರು ದೂರದಲ್ಲಿ, ಬೇವಿನ ಮರದ ಬುಡಕ್ಕೆ, ರಾಗಿ ತುಂಬುತ್ತಿದ್ದ ಹಳೆಯ ಹಗೇವು ಇತ್ತು. ಒಬ್ಬರು ತೂರುವಷ್ಟು ಬಾಯಿ, ಕೆಳಗೆ ಹೊಟ್ಟೆ, ಆಳ ಒಂದೂವರೆ ಆಳು. ಮೇಲೆ ಚಪ್ಪಡಿ ಕಲ್ಲು. ಹಗೇವಿಗೆ ದೀಪ ಇಳಿಸದೆ ಮನುಷ್ಯ ಇಳಿಯಬಾರದು ಎಂಬುದು ನಮ್ಮಲ್ಲಿ ಮಾತು ಕಲಿತ ಮಗುವಿಗೂ ಗೊತ್ತು. ತುಂಬಿದ ರಾಗಿ ಬೆಚ್ಚಗಾಗಿ ಉಸಿರು ಬಿಡುತ್ತದೆ, ಆ ಉಸಿರು ಆಳನ್ನು ತಿನ್ನುತ್ತದೆ. ನಾವು ಲಾಟೀನು ಇಳಿಸಿದೆವು. ಚೆನ್ನಾಗಿ ಉರಿಯಿತು. ನಾನು ಇಳಿದೆ. ಚಿಕ್ಕಮ್ಮ ರಸವನ್ನು ಬಿಂದಿಗೆಗಳಿಗೆ ಬಗ್ಗಿಸಿ ಕೊಟ್ಟಳು, ಖಾಲಿ ಜಾಡಿಗಳನ್ನು ಹಗ್ಗದಲ್ಲಿ ಇಳಿಸಿದಳು, ಒಳಗೆ ಮತ್ತೆ ತುಂಬಿ ಮುಚ್ಚಳ, ರಾಗಿ ಮುದ್ದೆ, ತೊಟ್ಟು, ಚಿಪ್ಪು ಎಲ್ಲ ಹೊಂದಿಸಿದೆ. ತಣ್ಣಗಿತ್ತು. ಹೊರಗೆ ಕಲ್ಲು ಕಾದಿತ್ತು.

“ಒಳ್ಳೇದೇ ಆಯ್ತು ಬಿಡು,” ಎಂದಳು ಮೇಲಿನಿಂದ. “ತಂಪಾಗಿ ಮಲಗಿರಲಿ.”

“ಇದೂ ಉಸಿರು ಬಿಡ್ತದಲ್ಲ ಚಿಕ್ಕಮ್ಮ?”

“ರಾಗಿ ಇದ್ರೆ ಬಿಸಿ. ಖಾಲಿ ಹಗೇವು ಏನ್ ಮಾಡ್ತದೆ? ದೀಪ ಉರೀತಿಲ್ವಾ?”

ಈ ಪ್ರಶ್ನೆಯನ್ನು ನಾನು ಕೇಳಿದೆನೆಂದು ನನಗೆ ನೆನಪಿದೆ. ಆಗ ಕೇಳಿದೆನೋ, ಆಮೇಲಿನ ವರ್ಷಗಳಲ್ಲಿ ಕೇಳಿ ಕೇಳಿ ಅಲ್ಲಿಗೆ ಒಯ್ದು ಸೇರಿಸಿದೆನೋ, ಹೇಳಲಾರೆ. ಚಪ್ಪಡಿ ಎಳೆದು ಮುಚ್ಚಿದೆವು. ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿ ಉಳಿಯಿತು.

*

ಅವರು ಬಂದದ್ದು ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ. ಐವತ್ತು ಜನವಿದ್ದಿರಬಹುದು. ಮುಂದೆ ಇಡ್ಲಿ ಮಾರುವ ಹೆಂಗಸು, ಸೊಂಟದಲ್ಲಿ ಕುಡುಗೋಲು. ಫಾದರ್ ಇಂಗ್ಲಿಷಿನಲ್ಲೋ ಏನೋ ಹೇಳಲು ಹೋದರು, ಅವರನ್ನು ಪಕ್ಕಕ್ಕೆ ಸರಿಸಿದರು.

“ಏಮಮ್ಮಾ, ಎಲ್ಲಿ ಮಡಗಿದ್ದೀಯ ಪಾದ್ರಿ ಹೆಂಡ?”

“ಹುಡ್ಕೊಳ್ರಮ್ಮ,” ಎಂದಳು ಚಿಕ್ಕಮ್ಮ.

ಹುಡುಕಿದರು. ಹಾಸ್ಟೆಲಿನ ನೀರಿನ ಮಡಕೆ, ಹುಣಸೆಹಣ್ಣಿನ ಕುಡಿಕೆ, ಉಪ್ಪಿನ ಗಡಿಗೆ, ಎಲ್ಲ ಒಡೆದವು. ಹಿಂಡಿದ ಚರಟ ಮೂಲೆಯಲ್ಲಿ ರಾಶಿ ಬಿದ್ದು ನಾರುತ್ತಿತ್ತು. ಅದನ್ನು ಕಂಡ ಒಬ್ಬಳು ಕುಡುಗೋಲಿನಿಂದ ಬಳ್ಳಿಯ ಒಂದು ತೋಳು ಕಡಿದಳು. ಇನ್ನೊಂದು ಏಟಿಗೆ ಕೈ ಎತ್ತಿದ್ದಳು. ಅದೇ ಹೊತ್ತಿಗೆ ಗೇಟಿನಲ್ಲಿ ಚಿಕ್ಕಪ್ಪ ಕಾಣಿಸಿಕೊಂಡ.

ಕೋಣೆ ಹೋಗುತ್ತದಂತೆ ಎಂಬ ಸುದ್ದಿ ಅವನಿಗೂ ಮುಟ್ಟಿತ್ತು. ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದಿದ್ದ. ಕುಡಿದಿದ್ದ. ಐವತ್ತು ಹೆಂಗಸರನ್ನು ನೋಡಿಯೂ ಅವನಿಗೆ ಕಂಡದ್ದು ಒಬ್ಬಳೇ. ನೆಟ್ಟಗೆ ಬಂದು ಚಿಕ್ಕಮ್ಮನ ಮುಡಿಗೆ ಕೈ ಹಾಕಿದ.

“ನಡೀ ಮನೆಗೆ. ಪಾದ್ರಿಗೆ ಬೇಯ್ಸಿದ್ದು ಸಾಕು.”

ಇಡ್ಲಿಯವಳು ತೆಲುಗಿನಲ್ಲಿ ಕೂಗಿದಳು: “ಕೊಟ್ಟಂಡೇ ವಾಣ್ಣಿ!” ಹೊಡೆಯಿರಿ ಎಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮುಂದಿನದನ್ನು ನಾನು ಕ್ರಮವಾಗಿ ಬರೆದರೆ ಸುಳ್ಳಾಗುತ್ತದೆ. ಕ್ರಮ ಇರಲಿಲ್ಲ. ಚಪ್ಪಲಿಗಳಿದ್ದವು, ಪೊರಕೆಗಳಿದ್ದವು, ಪಂಚೆ ಕಳಚಿತ್ತು, ಅವನು ಕುರಿಯ ಹಾಗೆ ಒಂದೇ ಸ್ವರದಲ್ಲಿ ಕೂಗುತ್ತಿದ್ದ. ಒಬ್ಬ ಮುದುಕಿ ಅವನ ಕಿವಿ ಕಚ್ಚಿದಳು. ಹದಿನೈದು ವರ್ಷದ ಹಿಂದೆ ಸತ್ತ ತನ್ನ ಗಂಡನ ಹೆಸರು ಹಿಡಿದು ಬೈಯುತ್ತ ಕಚ್ಚಿದಳು. ಚಪ್ಪರದ ಕೊನೆಯ ಕಂಬಕ್ಕೆ ಅವನನ್ನು ಕಟ್ಟಿದರು. ಆಮೇಲೆ ನಾನು ಸೆರಗಿನ ಗಂಟು ಬಿಚ್ಚಿ, ಅವನ ಗಲ್ಲ ಹಿಡಿದೆತ್ತಿ, ಎರಡೂ ಕಣ್ಣಿಗೆ ಖಾರದಪುಡಿ ತುಂಬಿದೆ. ಎರಚಲಿಲ್ಲ, ತುಂಬಿದೆ. ಬೆರಳಿನಲ್ಲಿ. ನನ್ನ ಉಗುರಿನ ಸಂದಿಯಲ್ಲಿ ಎರಡು ದಿನ ಉರಿ ಇತ್ತು.

ಚಿಕ್ಕಮ್ಮ ಹೊಡೆಯಲಿಲ್ಲ. ಕೆದರಿದ ಕೂದಲನ್ನು ಗಂಟು ಹಾಕಿಕೊಂಡು ಒಡೆದ ಮಡಕೆಯ ಚೂರು ಆರಿಸುತ್ತಿದ್ದಳು.

ಹೆಂಗಸರು ಹೋದರು. ಬಳ್ಳಿ ಮರೆತುಹೋಗಿತ್ತು. ಅವನು ಕಣ್ಣು ಮುಚ್ಚಿಕೊಂಡು ಹಸಿ ಗಾಯದ ಮುಖದಲ್ಲಿ ಕಂಬಕ್ಕೆ ಒರಗಿದ್ದ. ಮಧ್ಯಾಹ್ನ ಫಾದರ್ ಬಂದು ಬಿಚ್ಚುವವರೆಗೂ ಅಲ್ಲೇ ಇದ್ದ. ಅಷ್ಟು ಹೊತ್ತು ಅವನಿಗೆ ಕಾಣಿಸುತ್ತಿರಲಿಲ್ಲ. ಕೇಳಿಸುತ್ತಿತ್ತು. ನಾಲ್ಕು ಮಾರು ದೂರದಲ್ಲಿ ಕಲ್ಲಿನ ಸಂದಿಯಿಂದ ಐದು ಜಾಡಿ ಗುಳುಗುಳು ಎನ್ನುತ್ತಿದ್ದವು. ಐವತ್ತು ಹೆಂಗಸರಿಗೆ ಸಿಗದ್ದು ಅವನೊಬ್ಬನಿಗೆ ಸಿಕ್ಕಿತು. ಕಣ್ಣು ಕಟ್ಟಿ ಕಿವಿ ಬಿಚ್ಚಿಕೊಟ್ಟವಳು ನಾನೇ.

*

ಎರಡು ದಿನ ಬಿಟ್ಟು ಅವನು ಬಂದ. ಫಾದರ್ ಹಿಂದೂಪುರಕ್ಕೆ ಹೋಗಿದ್ದರು, ಮಕ್ಕಳು ಶಾಲೆಯಲ್ಲಿ. ನಾವಿಬ್ಬರೂ ಬಾವಿಯ ಹತ್ತಿರ ಪಂಚೆ ಒಗೆಯುತ್ತಿದ್ದೆವು. ಕಲ್ಲು ಕಲ್ಲಿಗೆ ಉಜ್ಜುವ ಸದ್ದು. ಓಡಿ ಬಂದಾಗ ಅವನು ಚಪ್ಪಡಿ ಸರಿಸಿ, ಹಗೇವಿನ ಬಾಯಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟಿದ್ದ. ಕಣ್ಣು ಇನ್ನೂ ಊದಿತ್ತು. ನಮ್ಮನ್ನು ನೋಡಿ ನಕ್ಕ.

“ಐದ್ ಜಾಡಿ ಕಣೇ! ಕಟ್ಕೊಂಡೋನ್ಗೆ ಒಂದ್ ತೊಟ್ಟಿಲ್ಲ, ಪಾದ್ರಿಗೆ ಐದ್ ಜಾಡಿ!”

ಅವನು ಆಡಿದ ಕೊನೆಯ ಪೂರ್ತಿ ಮಾತು ಅದು.

“ಮುಟ್ಟಬೇಡ,” ಎಂದು ಚಿಕ್ಕಮ್ಮ ಕೂಗಿದಳು. ಅವಳು ಜಾಡಿಗಳನ್ನು ಕುರಿತು ಕೂಗಿದಳು. ಅವನು ಒಳಗೆ ಜಾರಿದ. ದೊಪ್ಪೆಂದಿತು. ಜಾಡಿ ಒಡೆಯುವ ಸದ್ದಿಗಾಗಿ ನಾವಿಬ್ಬರೂ ಕಾದೆವು. ಬರಲಿಲ್ಲ. ಬೈಗುಳವೂ ಬರಲಿಲ್ಲ. ಬಗ್ಗಿ ನೋಡಿದರೆ ಒಂದು ಜಾಡಿಗೆ ತಲೆಯಾನಿಸಿ ಕೂತಿದ್ದ, ಸಂತೆ ಮುಗಿಸಿ ಮರದಡಿ ಒರಗಿದವನ ಹಾಗೆ.

ಚಿಕ್ಕಮ್ಮ ಅಡುಗೆಮನೆಯಿಂದ ಲಾಟೀನು ಹಚ್ಚಿ ತಂದು ಇಳಿಸಿದಳು. ಬಾಯಿ ದಾಟಿ ಮೊಣಕಾಲುದ್ದ ಇಳಿಯುವಷ್ಟರಲ್ಲಿ ಬೆರಳಲ್ಲಿ ಚಿವುಟಿದ ಹಾಗೆ ಆರಿತು. ಮತ್ತೆ ಹಚ್ಚಿದಳು. ಮತ್ತೆ ಆರಿತು. ಅವಳು ನನ್ನ ಮುಖ ನೋಡಿದಳು. ರಾಗಿಯಿಲ್ಲದ ಹಗೇವೂ ತಿನ್ನುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಾಯಿತು.

ಇಲ್ಲಿಂದ ಮುಂದೆ ನಮ್ಮಿಬ್ಬರ ಕಥೆ ಬೇರೆ ಬೇರೆ.

ನನ್ನದರಲ್ಲಿ ನಾನು ಹಗ್ಗ ತರಲು ಎದ್ದೆ, ಅವಳು ನನ್ನ ಸೆರಗು ಹಿಡಿದು “ಸುಮ್ನಿರು” ಎಂದಳು. ಅವಳದರಲ್ಲಿ ಅವಳು ಎದ್ದಳು, ನಾನು ಅವಳ ಕೈ ಹಿಡಿದು “ಇರ್ಲಿ ಬಿಡು” ಎಂದೆ. ಯಾರದ್ದು ಸರಿಯಾದರೂ ನಾವು ಕೂತೆವು. ಹಗೇವಿನ ಅಂಚಿನಲ್ಲಿ, ಎದುರುಬದುರು, ಒಲೆಯ ಮುಂದೆ ಕೂತ ಹಾಗೆ. ಒಳಗೆ ಜಾಡಿಗಳು ಮಾತಾಡುತ್ತಿದ್ದವು. ಚಪ್ಪಡಿಯ ಅರ್ಧ ಬೇವಿನ ನೆರಳಿನಲ್ಲಿತ್ತು. ಏಳುವಾಗ ಪೂರ್ತಿ ಬಿಸಿಲಿನಲ್ಲಿತ್ತು. ಇದು ನನ್ನ ಲೆಕ್ಕ. ಚಿಕ್ಕಮ್ಮ ನಗುತ್ತಾಳೆ: “ನೆರಳು ಅಷ್ಟ್ ಹೊತ್ತಿಗೆ ಅಷ್ಟ್ ದೂರ ಹೋಗಿದ್ರೆ ಅವ್ನು ಬದುಕ್ತಿದ್ನೇನೆ? ಕುರಿ ಉಚ್ಚೆ ಹೊಯ್ಯೋವಷ್ಟು ಹೊತ್ತು ಕೂತಿದ್ವಿ.” ಕುರಿಯೊಂದು ಉಚ್ಚೆ ಹೊಯ್ಯುವಷ್ಟು ಹೊತ್ತು. ಅಷ್ಟು ಹೊತ್ತಿನಲ್ಲಿ ನಾನು ಯೋಚಿಸಿದ್ದನ್ನೆಲ್ಲ ಬರೆಯಲು ಈ ಕಾಗದ ಸಾಲದು. ಒಂದನ್ನು ಬರೆಯುತ್ತೇನೆ: ನನಗೆ ಹಸಿವಾಗಿತ್ತು, ಬೆಳಿಗ್ಗೆ ಮಾಡಿದ ಖಾರದ ಚಟ್ನಿ ಉಳಿದಿದೆಯೇ ಎಂದು ಯೋಚಿಸಿದೆ.

ಆಗ ಚಿಕ್ಕಮ್ಮ ಧಡಕ್ಕನೆ ಎದ್ದಳು. ಈ ಮಾತಿನಲ್ಲಿ ಮಾತ್ರ ನಮ್ಮಿಬ್ಬರಿಗೂ ಭೇದವಿಲ್ಲ.

“ಅಯ್ಯಯ್ಯೋ, ಹೆಣ ಬಿದ್ದ ಹಗೇವಿನ ರಸ ಯಾವ ದೇವ್ರಿಗಾಯ್ತದೆ? ಸೂತಕ ಆಗೋಯ್ತದೆ ಕಣೆ! ಕೋಣೆ ಹೋಯ್ತದೆ! ಏಳೇ, ಹಗ್ಗ ತಾ!”

ಬೇವಿನ ಕೊಂಬೆ ಮುರಿದು ಹಗೇವಿನೊಳಗೆ ಒನಕೆಯಲ್ಲಿ ಕುಟ್ಟುವ ಹಾಗೆ ಮೇಲೆ ಕೆಳಗೆ ಬಡಿದೆವು, ಗಾಳಿ ಕಲಕಲೆಂದು. ಚಿಕ್ಕಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಉಸಿರು ಹಿಡಿದು ಇಳಿದಳು, ಅಥವಾ ನಾನು ಇಳಿದೆ. ಇಳಿದವಳು ಅವನ ಕಂಕುಳಿಗೆ ಹಗ್ಗ ಬಿಗಿದು, ಮೊದಲ ಸಲ ಸಾಲದೆ ಮೇಲೆ ಬಂದು ಉಸಿರು ಕುಡಿದು ಮತ್ತೆ ಇಳಿದು, ಕಟ್ಟಿ ಬಂದಳು. ಅಷ್ಟಾದರೂ ಚಿಪ್ಪುಗಳ ನೀರು ಚೆಲ್ಲಬಾರದೆಂದು ಇಳಿದವಳಿಗೆ ನೆನಪಿತ್ತು. ಹಗ್ಗವನ್ನು ಅದೇ ಕೊನೆಯ ಕಂಬಕ್ಕೆ ಸುತ್ತಿ ಇಬ್ಬರೂ ಎಳೆದೆವು. ಇಳಿದವಳನ್ನು ಎರಡು ಸಲ ಎಳೆದುಕೊಂಡ ಮೇಲಿನವಳ ಅಂಗೈ ಆಗಲೇ ಸುಟ್ಟಿತ್ತು. ಅವನ ತಲೆ ಕಲ್ಲಿನ ಅಂಚಿಗೆ ಎರಡು ಸಲ ಬಡಿಯಿತು, ನಾವು ನಿಲ್ಲಿಸಲಿಲ್ಲ.

ಮುಖ ನೇರಳೆಯಾಗಿತ್ತು. ಚಿಕ್ಕಮ್ಮ ಅವನ ಎದೆಯ ಮೇಲೆ ಕೂತು ಎರಡೂ ಮುಷ್ಟಿಯಲ್ಲಿ ಗುದ್ದಿದಳು. ಗುದ್ದುತ್ತ ಒಂದೊಂದೇ ಊರಿನ ಹೆಸರು ಹೇಳುತ್ತಿದ್ದಳು, ಅವನು ಅವಳನ್ನು ಹೊಡೆದ ಸಂತೆಗಳ, ಜಾತ್ರೆಗಳ, ನೆಂಟರ ಮನೆಗಳ ಊರುಗಳು. ಬದುಕಿಸಲು ಗುದ್ದುತ್ತಿದ್ದವಳನ್ನು ದೂರದಿಂದ ಯಾರಾದರೂ ನೋಡಿದ್ದರೆ ಕೊಲ್ಲುತ್ತಿದ್ದಾಳೆ ಎನ್ನುತ್ತಿದ್ದರು. ಕೊನೆಗೆ ಅವನು ಕೆಮ್ಮಿದ.

*

ಬಿಸಿಲು ಹೊಡೆದು ಬಿದ್ದ ಎಂದು ಹೇಳಿದೆವು. ಅದೇ ವಾರ ಕಂಬದೂರಿನಲ್ಲಿ ನಿಜವಾಗಿ ಬಿಸಿಲು ಹೊಡೆದು ಇಬ್ಬರು ಬಿದ್ದಿದ್ದರಿಂದ ಯಾರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನವಿದ್ದ. ಎದ್ದು ಕೂತ, ನಡೆದ, ಕೊಟ್ಟದ್ದು ತಿಂದ. ಮಾತು ಹೋಗಿತ್ತು. ಬಲಗೈ ಭುಜದವರೆಗೆ ಏಳುತ್ತಿರಲಿಲ್ಲ. ತುಟಿ ಒತ್ತಿ ಗುಳುಗುಳು ಎಂಬ ಒಂದೇ ಸದ್ದು ಮಾಡುತ್ತಿದ್ದ. ಹಸಿವಾದರೂ ಅದೇ, ಉಚ್ಚೆಗೂ ಅದೇ.

ಜಾಡಿಗಳು ತಂಪಿನಲ್ಲಿ ನಿಧಾನವಾಗಿ ಮುಗಿಸಿದವು. ಮೇಲೆ ಇದ್ದಿದ್ದರೆ ಆ ಬಿಸಿಲಿಗೆ ಖಂಡಿತ ಕೆಡುತ್ತಿದ್ದವು. ಸದ್ದು ನಿಂತ ಮೇಲೆ ಹಗೇವನ್ನು ಎರಡು ದಿನ ತೆರೆದಿಟ್ಟು, ದೀಪ ಇಳಿಸಿ, ಅದು ಆರದೆ ಉರಿದ ಮೇಲೆ ಜಾಡಿಗಳನ್ನು ಎತ್ತಿದೆವು. ಆಷಾಢಕ್ಕೆ ಫಾದರ್ ಗಾಜಿನ ಲೋಟದಲ್ಲಿ ಹಿಡಿದು ನೋಡಿದರು. ಒಣಗಿದ ರಾಗಿ ಹುಲ್ಲಿನ ಬಣ್ಣ, ತಿಳಿ. ಕುಡಿದು ಕಣ್ಣು ಮುಚ್ಚಿದರು.

“ಒಂದಿಷ್ಟೂ ಸಿಹಿಯಿಲ್ಲ, ಹುಳಿ ಹಿಡಿದಿಲ್ಲ. ಇಷ್ಟು ಶುದ್ಧವಾದದ್ದನ್ನು ನಾನು ಕುಡಿದಿಲ್ಲ ಅಮ್ಮ. ನೀವು ಇಲ್ಲೇ ಇರಿ.”

ಚಿಕ್ಕಮ್ಮ ಕೈಮುಗಿದಳು. ಫಾದರ್ ಲೋಟ ಕೆಳಗಿಟ್ಟು, ಒಳ್ಳೆಯ ಮನಸ್ಸಿನಿಂದ, ಇನ್ನೊಂದು ಮಾತು ಸೇರಿಸಿದರು.

“ನಿಮ್ಮ ಯಜಮಾನರನ್ನೂ ಕರೆಸಿಕೊಳ್ಳಿ. ಆ ಸ್ಥಿತಿಯಲ್ಲಿ ಅವರಿಗೆ ಬೇರೆ ಯಾರಿದ್ದಾರೆ? ಕೋಣೆ ಇಬ್ಬರಿಗೆ ಸಾಕು.”

ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಚಿಕ್ಕಮ್ಮ ನನ್ನ ಕಡೆ ನೋಡಲೂ ಇಲ್ಲ. “ಆಗ್ಲಿ ಸ್ವಾಮಿ,” ಎಂದಳು. ಆ ವಾರವೇ ಅವನು ಚಾಪೆ ಸುತ್ತಿಕೊಂಡು ಬಂದ. ಅವತ್ತಿನಿಂದ ಅವಳು ಒಳಗಿನಿಂದ ಚಿಲಕ ಹಾಕಿದರೆ ಅವನೂ ಒಳಗೇ.

ಐದಾರು ವರ್ಷ ನಾನು ಆ ಕಡೆ ಹೋಗಲಿಲ್ಲ. ಮಿಷನ್ನು, ರವಿಕೆ, ಬೇಡಿಕೆ ಎಂದೆಲ್ಲ ನೆಪ ಹೇಳಿದೆ. ಹೋದಾಗ ತೊಂಬತ್ತರ ದಶಕ ಮುಗಿಯುತ್ತಿತ್ತು. ಕಡಿದ ತೋಳಿನ ಕಡೆಯಿಂದ ಬಳ್ಳಿ ಒಣಗುತ್ತ ಬಂದು ಒಂದೇ ಜಾಡಿಯಷ್ಟು ಹಣ್ಣು ಬಿಡುತ್ತಿತ್ತು. ಫಾದರ್ ಅದಕ್ಕೇ ತೃಪ್ತರಾಗಿದ್ದರು. ಚಿಕ್ಕಮ್ಮ ದಪ್ಪಗಾಗಿದ್ದಳು. ಚಿಕ್ಕಪ್ಪ ಗೋಡೆಗೆ ಒರಗಿ ಕೂತಿದ್ದ, ಶುಭ್ರ ಅಂಗಿ, ಹಣೆಗೆ ವಿಭೂತಿ.

ಅವಳು ಅವನಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಿನ್ನಿಸುತ್ತಿದ್ದಳು. ಒಂದು ತುತ್ತು ಕೆಳಗೆ ಬಿತ್ತು. ಮಾತು ನಿಲ್ಲಿಸದೆ, ನನ್ನ ಕಡೆಯಿಂದ ಮುಖವನ್ನೂ ತಿರುಗಿಸದೆ, ಎಡಗೈಯಿಂದ ಅವನ ಕೆನ್ನೆಗೆ ಬಾರಿಸಿದಳು. ಆಮೇಲೆ ಅದೇ ಕೈಯಲ್ಲಿ ಅವನ ಬಾಯಿ ಒರೆಸಿದಳು. ಅವನ ಬಲಗೈ ನೆಲದ ಮೇಲೆ ಸ್ವಲ್ಪ ಅಲುಗಿತು.

“ಚಿಕ್ಕಮ್ಮ.”

“ಏನೇ?”

ಏನೂ ಇಲ್ಲ ಎಂದೆ. ಅವಳು ಮಂಚದ ಕೆಳಗಿನಿಂದ ಒಂದು ಬಾಟಲಿ ತೆಗೆದಳು. ಆ ವರ್ಷದ್ದು, ಒಂದೇ ಉಳಿಸಿದ್ದೀನಿ ಎಂದಳು. ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ನಾನು ಸಾರಾಯಿ ಅಂಗಡಿ ಒಡೆದವಳು, ಹೆಂಡ ಎಂಬುದನ್ನು ಅದುವರೆಗೆ ನಾಲಗೆಗೆ ಮುಟ್ಟಿಸಿರಲಿಲ್ಲ. ಕುಡಿದೆ. ಕಲ್ಲು ನೆಕ್ಕಿದ ಹಾಗಿತ್ತು, ಆಮೇಲೆ ಹಸಿ ಹುಣಸೆ ಚಿಗುರು, ಆಮೇಲೆ ಬಾಯಿ ಪೂರ್ತಿ ಒಣಗಿತು.

“ಹೆಂಗದೆ?”

“ಸಿಹೀನೇ ಇಲ್ಲ.”

“ಇರಬಾರ್ದು. ಇದ್ರೆ ಇನ್ನೂ ಗಾಳಿ ಬಿಡ್ತದೆ.”

ಲೋಟ ಕೈಯಲ್ಲಿತ್ತು, ಧೈರ್ಯ ಬಂತು. ಅವತ್ತು ನಿಜವಾಗಿ ಎಷ್ಟು ಹೊತ್ತು ಕೂತಿದ್ದೆವು, ತಡೆದದ್ದು ಯಾರು ಎಂದು ಕೇಳಿದೆ. ಚಿಕ್ಕಮ್ಮ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಗೋಡೆಯ ಕಡೆ ಗದ್ದ ತೋರಿಸಿದಳು.

“ನನ್ನೇನ್ ಕೇಳ್ತೀಯ? ಒಳಗಿದ್ದೋನು ಅವ್ನು. ಅವ್ನನ್ನೇ ಕೇಳು.”

ಚಿಕ್ಕಪ್ಪ ನನ್ನ ಕಡೆ ತಿರುಗಿದ. ನಾನು ಖಾರ ತುಂಬಿದ್ದ ಕಣ್ಣುಗಳು ತಿಳಿಯಾಗಿದ್ದವು. ತುಟಿ ಒತ್ತಿ, ಬಹಳ ಹೊತ್ತು, ಉಸಿರು ಮುಗಿಯುವವರೆಗೆ ಗುಳುಗುಳು ಎಂದ. ಉಸಿರು ಎಳೆದುಕೊಂಡು ಮತ್ತೆ ಶುರುಮಾಡಿದ. ಚಿಕ್ಕಮ್ಮ ಕೈ ಎತ್ತಿದಳು. ನಾನು ಅವಳ ಕೈ ಹಿಡಿಯಲಿಲ್ಲ.